ಓದುಗರ ಪ್ರಶ್ನೆಗಳು: ಆರ್‌ವಿಯಲ್ಲಿ ನ್ಯೂ ಮೆಕ್ಸಿಕೊ

ಅಮೆರಿಕದ ನೈಋತ್ಯ ಮೂಲೆಯ ನ್ಯೂ ಮೆಕ್ಸಿಕೊ ರಾಜ್ಯದ ಚರಿತ್ರೆಯನ್ನೂ ಮ್ಯೂಸಿಯಂಗಳನ್ನೂ ನೋಡಲು ಆರ್‌ವಿಯನ್ನು, ಅಂದರೆ ಅಡುಗೆ, ಹಾಸಿಗೆ, ಶೌಚ ಎಲ್ಲ ಒಳಗೇ ಇರುವ ಗಾಡಿಯನ್ನು ಬಾಡಿಗೆಗೆ ಹಿಡಿದು ಹೊರಡುವವರಿಂದ ಬಂದ ಪತ್ರಗಳನ್ನು ಈ ಸಂಚಿಕೆಗೆ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಚ್ಚಿನವರು ಕೇಳಿರುವುದು ಒಂದೇ: ಇಷ್ಟು ದಿನದಲ್ಲಿ ಎಷ್ಟು ಜಾಗ ನೋಡಬಹುದು? ಮೊದಲ ಉತ್ತರ ಉದ್ದವಾಗಿರುವುದು ಅದಕ್ಕೇ.

ಪ್ರಶ್ನೆ: ಅಕ್ಟೋಬರ್ ಮೊದಲ ವಾರದಲ್ಲಿ ಐದು ರಾತ್ರಿ ಬಿಡುವು ಇದೆ. ಆಲ್ಬುಕರ್ಕಿಯಲ್ಲಿ ಆರ್‌ವಿ ಹಿಡಿಯುತ್ತೇವೆ. ಸಾಂಟಾ ಫೆ, ಟಾವೋಸ್, ಚಾಕೊ, ಆಕೋಮಾ, ಬ್ಯಾಂಡೆಲಿಯರ್, ಲಾಸ್ ಅಲಮೋಸ್, ವೈಟ್ ಸ್ಯಾಂಡ್ಸ್, ರಾಸ್‌ವೆಲ್ ಇಷ್ಟೂ ಆಗುತ್ತದೆಯೇ? ಊರಿಂದ ಬಂದಿರುವ ಅಪ್ಪ-ಅಮ್ಮ ಜೊತೆಗಿರುತ್ತಾರೆ. ಅಪ್ಪನಿಗೆ ಮಂಡಿನೋವು. ಮಗಳಿಗೆ 11 ವರ್ಷ. (ಡಲ್ಲಾಸ್‌ನ ಓದುಗರು)

ಉತ್ತರ: ಪಟ್ಟಿಯಲ್ಲಿ ಎಂಟು ಹೆಸರಿವೆ, ಮೂರನ್ನು ಉಳಿಸಿಕೊಳ್ಳಿ: ಸಾಂಟಾ ಫೆ, ಬ್ಯಾಂಡೆಲಿಯರ್, ಲಾಸ್ ಅಲಮೋಸ್. ಅವುಗಳಿಗೆ ಮೊದಲು ಆಲ್ಬುಕರ್ಕಿಯ ಒಂದು ಮ್ಯೂಸಿಯಂ ಮತ್ತು ಅದರ ಉತ್ತರಕ್ಕಿರುವ ಬರ್ನಲಿಯೊ ಪಟ್ಟಣದ ಒಂದು ಹಳೇ ಊರು ಸೇರಿಸಿ. ವೈಟ್ ಸ್ಯಾಂಡ್ಸ್, ರಾಸ್‌ವೆಲ್ ಎರಡೂ ಆಲ್ಬುಕರ್ಕಿಯಿಂದ 200 ಮೈಲಿಯ ಆಚೆಈಚೆ ಇವೆ. ಅವು ಬೇರೆಯದೇ ಪ್ರವಾಸ.

ಲೆಕ್ಕ ಹೀಗಿದೆ. ಬಾಡಿಗೆಯವರು ಗಾಡಿ ಕೊಡುವುದು ಸಾಮಾನ್ಯವಾಗಿ ಮಧ್ಯಾಹ್ನ. ಒಳಗಿನ ಸಲಕರಣೆಯೆಲ್ಲ ತೋರಿಸಿ, ಗೀರು-ತಗ್ಗುಗಳನ್ನು ಬರೆದುಕೊಂಡು ಬೀಗದ ಕೈ ಕೊಡುವಷ್ಟರಲ್ಲಿ ಸಂಜೆಯಾಗುತ್ತದೆ. ವಾಪಸ್ ಕೊಡುವ ದಿನ ಬೆಳಿಗ್ಗೆಯೇ ಕೇಳುತ್ತಾರೆ. ಅಂದರೆ ಐದು ರಾತ್ರಿಯ ಪ್ರವಾಸದಲ್ಲಿ ಕೈಗೆ ಸಿಗುವುದು ನಾಲ್ಕು ಪೂರ್ತಿ ದಿನ. ಆರ್‌ವಿಯನ್ನು ಒಂದು ಜಾಗದಿಂದ ಎಬ್ಬಿಸಿ ಇನ್ನೊಂದು ಜಾಗದಲ್ಲಿ ಕೂರಿಸುವುದಕ್ಕೂ ಹೊತ್ತು ಬೇಕು. ನೀರಿನ ಪೈಪು, ವಿದ್ಯುತ್ ಕೇಬಲ್, ಕೊಳೆನೀರಿನ ಹೋಸ್ ಬಿಚ್ಚಬೇಕು, ಪಾತ್ರೆಪಗಡಿ ಬೀಳದಂತೆ ಕಪಾಟು ಭದ್ರಪಡಿಸಬೇಕು, ಹೋದಲ್ಲಿ ಮಟ್ಟ ಮಾಡಿ ಮತ್ತೆ ಎಲ್ಲ ಜೋಡಿಸಬೇಕು. ಹೊಸಬರಿಗೆ ಎರಡೂ ಸೇರಿ ಒಂದೂವರೆ ಗಂಟೆ ಹಿಡಿಯುತ್ತದೆ. ದಿನಾ ಊರು ಬದಲಿಸಿದರೆ ಮ್ಯೂಸಿಯಂನ ಒಳಗಿರಬೇಕಾದ ಹೊತ್ತು ಪೈಪಿನ ಪಾಲಾಗುತ್ತದೆ. ಸಣ್ಣ ಪ್ರವಾಸದಲ್ಲಿ ಆರ್‌ವಿ ಚೆನ್ನಾಗಿ ಒದಗುವುದು ಅದನ್ನು ಮನೆಯ ಹಾಗೆ ನಿಲ್ಲಿಸಿಕೊಂಡಾಗಲೇ.

ಇದಕ್ಕೆ ನ್ಯೂ ಮೆಕ್ಸಿಕೊ ಒಳ್ಳೆಯ ರಾಜ್ಯ, ಏಕೆಂದರೆ ಚರಿತ್ರೆಯ ಬಹುಪಾಲು ರಿಯೊ ಗ್ರಾಂಡೆ ನದಿಯ ಆಸುಪಾಸಿನಲ್ಲೇ ಪದರ ಪದರವಾಗಿ ಕೂತಿದೆ. ಸ್ಪೇನಿನವರು ಬರುವ ಮೊದಲಿನ ಪ್ವೆಬ್ಲೊ ಎಂಬ ಮೂಲನಿವಾಸಿ ಜನರ ಊರುಗಳು (ಆ ಊರುಗಳಿಗೂ ಪ್ವೆಬ್ಲೊ ಎಂದೇ ಹೆಸರು), 1540ರಲ್ಲಿ ಸ್ಪೇನಿನ ಕೊರೊನಾಡೊನ ದಂಡಯಾತ್ರೆ, 1598ರಲ್ಲಿ ಸ್ಪೇನಿನ ಒನ್ಯಾಟೆ ಹೂಡಿದ ವಸಾಹತು, 1680ರ ಪ್ವೆಬ್ಲೊ ಬಂಡಾಯ, 1821ರಲ್ಲಿ ಮೆಕ್ಸಿಕೊದ ಸ್ವಾತಂತ್ರ್ಯ, 1846ರಲ್ಲಿ ಅಮೆರಿಕದ ಸೇನೆ, 1912ರಲ್ಲಿ ರಾಜ್ಯದ ಸ್ಥಾನ, 1943ರಲ್ಲಿ ಲಾಸ್ ಅಲಮೋಸ್‌ನ ಅಣುಬಾಂಬಿನ ಪ್ರಯೋಗಾಲಯ. ಇಷ್ಟನ್ನೂ ಆಲ್ಬುಕರ್ಕಿಯಿಂದ ನೂರು ಮೈಲಿಯೊಳಗೆ ನೋಡಬಹುದು.

ನಮ್ಮ ಸಲಹೆ ಹೀಗಿದೆ. ಮೊದಲ ರಾತ್ರಿ ಆಲ್ಬುಕರ್ಕಿಯಲ್ಲಿ, ಸಾಮಾನು ಕೊಳ್ಳುವುದು ಬಿಟ್ಟು ಬೇರೇನೂ ಬೇಡ. ಎರಡನೇ ದಿನ ಬೆಳಿಗ್ಗೆ ಇಂಡಿಯನ್ ಪ್ವೆಬ್ಲೊ ಕಲ್ಚರಲ್ ಸೆಂಟರ್. ರಾಜ್ಯದ 19 ಪ್ವೆಬ್ಲೊ ಸಮುದಾಯಗಳು ಸೇರಿ 1976ರಲ್ಲಿ ಕಟ್ಟಿದ ಸಂಸ್ಥೆ ಇದು. ಮುಂದೆ ನೋಡುವ ಎಲ್ಲದಕ್ಕೂ ಇದೇ ಅಡಿಪಾಯ, ಆದ್ದರಿಂದ ಇದನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಮಧ್ಯಾಹ್ನ 1706ರಲ್ಲಿ ಸ್ಥಾಪನೆಯಾದ ಹಳೇ ಪೇಟೆ ನೋಡಿ, ರಾತ್ರಿ ಬರ್ನಲಿಯೊ ಕಡೆ ತಂಗಿ. ಮೂರನೇ ದಿನ ಬೆಳಿಗ್ಗೆ ಅಲ್ಲೇ ಇರುವ ಕೊರೊನಾಡೊ ಐತಿಹಾಸಿಕ ತಾಣ. ಹೆಸರು ದಂಡನಾಯಕನದು, ಆದರೆ ನೋಡಬೇಕಾದದ್ದು ಕುವಾವಾ ಎಂಬ ಪ್ವೆಬ್ಲೊ ಊರನ್ನು. 1930ರ ದಶಕದ ಉತ್ಖನನದಲ್ಲಿ ಇಲ್ಲಿನ ಚೌಕಾಕಾರದ ಕಿವಾದ, ಅಂದರೆ ನೆಲದಡಿಯ ಪೂಜಾಗೃಹದ ಗೋಡೆಗಳಲ್ಲಿ ಒಂದರ ಮೇಲೊಂದು ಗಾರೆ ಬಳಿದು ಬರೆದ ಚಿತ್ರಗಳು ಸಿಕ್ಕವು. ಮತ್ತೆ ಕಟ್ಟಿ ನಿಲ್ಲಿಸಿರುವ ಕಿವಾದೊಳಕ್ಕೆ ಏಣಿಯಿಂದ ಇಳಿಯಬೇಕು. ನಿಮ್ಮ ತಂದೆಯವರಿಗೆ ಅದು ಕಷ್ಟವಾದರೆ ಪಕ್ಕದ ಮ್ಯೂಸಿಯಂನಲ್ಲಿ ಮೂಲ ಚಿತ್ರಗಳ ಭಾಗಗಳೇ ಇವೆ. ತಾಣಕ್ಕೆ ವಾರದ ರಜೆ ಇರುವುದರಿಂದ ಹೊರಡುವ ಮುನ್ನ ತೆರೆದಿರುವ ದಿನ ನೋಡಿಕೊಳ್ಳಿ.

ಅಲ್ಲಿಂದ ಐ-25 ಹೆದ್ದಾರಿ ಹಿಡಿದು, ಸಾಂಟಾ ಫೆ ಪೇಟೆಯೊಳಗೆ ಹೋಗದೆ 599 ಬೈಪಾಸ್‌ನಲ್ಲಿ ತಿರುಗಿ, ಸಂಜೆಗೆ ಬ್ಯಾಂಡೆಲಿಯರ್‌ನ ಜೂನಿಪರ್ ಕ್ಯಾಂಪ್‌ಗ್ರೌಂಡ್ ಸೇರಿಕೊಳ್ಳಿ. ನಾಲ್ಕನೇ ದಿನ ಬ್ಯಾಂಡೆಲಿಯರ್ ಕಣಿವೆ ಮತ್ತು ಲಾಸ್ ಅಲಮೋಸ್, ರಾತ್ರಿ ಸಾಂಟಾ ಫೆ. ಐದನೇ ದಿನ ಗಾಡಿಯನ್ನು ಅಲ್ಲಾಡಿಸದೆ ಪೂರ್ತಿ ಸಾಂಟಾ ಫೆಗೆ ಕೊಡಿ. ಆರನೇ ದಿನ ಬೆಳಿಗ್ಗೆ ಆಲ್ಬುಕರ್ಕಿಗೆ ಸುಮಾರು 60 ಮೈಲಿ. ಒಟ್ಟು ಓಡಾಟ 230 ಮೈಲಿಯ ಸುಮಾರು. ಇಂಥ ಗಾಡಿ ಗ್ಯಾಲನ್‌ಗೆ 8ರಿಂದ 10 ಮೈಲಿ ಕೊಡುತ್ತದೆ, 25-30 ಗ್ಯಾಲನ್ ಪೆಟ್ರೋಲ್ ಸಾಕು.

ಬ್ಯಾಂಡೆಲಿಯರ್ ಬಗ್ಗೆ ಎರಡು ಮಾತು. ಸುಮಾರು 12.5 ಲಕ್ಷ ವರ್ಷದ ಹಿಂದೆ ವಾಯೆಸ್ ಕಾಲ್ಡೆರಾ ಜ್ವಾಲಾಮುಖಿ ಸಿಡಿದಾಗ ಸುರಿದ ಬೂದಿ ಗಟ್ಟಿಯಾಗಿ ಆದ ಮೆತ್ತನೆಯ ಕಲ್ಲು ಇಲ್ಲಿನದು. ಗಟ್ಟಿ ಕಲ್ಲಿನ ಉಪಕರಣದಿಂದಲೇ ಕೊರೆಯಬಹುದಾದ್ದರಿಂದ ಜನ ಬಂಡೆಯೊಳಗೆ ಕೋಣೆ ಕೊರೆದು, ಅದರ ಮುಂದೆ ಮನೆ ಕಟ್ಟಿ, 1500ರ ಮಧ್ಯಭಾಗದವರೆಗೆ ಬಾಳಿದರು. ಬಂಡೆಯ ಮೇಲೆ ಸಾಲಾಗಿ ಕಾಣುವ ತೂತುಗಳು ಮಾಳಿಗೆಯ ತೊಲೆ ಕೂರಿಸಿದ ಜಾಗ. ಅವನ್ನು ಎಣಿಸಿದರೆ ಮನೆ ಎಷ್ಟು ಅಂತಸ್ತಿನದು ಎಂದು ನಿಮ್ಮ ಮಗಳೇ ಹೇಳುತ್ತಾಳೆ. ಆಲ್ಕೋವ್ ಹೌಸ್ ಎಂಬ ಗುಹೆ ಕಣಿವೆಯ ತಳದಿಂದ 140 ಅಡಿ ಮೇಲಿದೆ. ಮರದ ಏಣಿಗಳನ್ನೂ ಕಲ್ಲಿನ ಮೆಟ್ಟಿಲುಗಳನ್ನೂ ಹತ್ತಬೇಕು. ಮಂಡಿನೋವಿನವರಿಗೆ ಅದು ಬೇಡ, ಮುಖ್ಯ ದಾರಿಯ ಮೊದಲ ಭಾಗವೇ ಸಾಕಷ್ಟು ಕೊಡುತ್ತದೆ. ಬೇಸಿಗೆಯಿಂದ ಅಕ್ಟೋಬರ್ ಮಧ್ಯದವರೆಗೆ ಹಗಲು ಹೊತ್ತು ಸ್ವಂತ ವಾಹನವನ್ನು ಕಣಿವೆಗೆ ಬಿಡುವುದಿಲ್ಲ, ಹತ್ತಿರದ ವೈಟ್ ರಾಕ್ ಊರಿನಿಂದ ಷಟಲ್ ಬಸ್ಸಿನಲ್ಲಿ ಹೋಗಬೇಕು. ಆರ್‌ವಿಯವರಿಗೆ ಇದು ಅನುಕೂಲವೇ, ಕಣಿವೆಯ ಕೆಳಗೆ ದೊಡ್ಡ ಗಾಡಿಗೆ ಜಾಗ ತೀರಾ ಕಡಿಮೆ. ಗಟ್ಟಿ ಕಾಲಿನವರು ಕ್ಯಾಂಪ್‌ಗ್ರೌಂಡ್‌ನಿಂದ ಫ್ರೇ ಟ್ರೇಲ್ ಎಂಬ ಒಂದೂವರೆ ಮೈಲಿಯ ಕಾಲುದಾರಿಯಲ್ಲಿ ಇಳಿದು ಬಸ್ಸಿನಲ್ಲಿ ಮೇಲೆ ಬರಬಹುದು. ಇಳಿತ 550 ಅಡಿ, ಅದನ್ನೇ ಬಿಸಿಲಲ್ಲಿ ಹತ್ತುವುದು ಬೇಡ.

ಇನ್ನು ನಿಮ್ಮ ದಿನಾಂಕ. ಅಕ್ಟೋಬರ್ ಮೊದಲ ವಾರದಲ್ಲಿ ಆಲ್ಬುಕರ್ಕಿಯಲ್ಲಿ ಬಲೂನ್ ಫಿಯೆಸ್ಟಾ, ಒಂಬತ್ತು ದಿನದ ಉತ್ಸವ. ಸುತ್ತಲಿನ ಆರ್‌ವಿ ಜಾಗಗಳು ತಿಂಗಳುಗಟ್ಟಲೆ ಮೊದಲೇ ಭರ್ತಿಯಾಗಿ, ದರವೂ ಏರಿರುತ್ತದೆ. ಬಲೂನು ನೋಡುವ ಆಸೆಯಿಲ್ಲದಿದ್ದರೆ ಸೆಪ್ಟೆಂಬರ್ ಎರಡನೇ ಭಾಗಕ್ಕೆ ಸರಿಸಿ.

ಪ್ರಶ್ನೆ: ನಾವು ಐದು ಮಂದಿ. 30 ಅಡಿಯ ಗಾಡಿ ತೆಗೆದುಕೊಳ್ಳಲೇ, 25 ಅಡಿಯದೇ? ಭಾರತದ ಲೈಸೆನ್ಸ್ ನಡೆಯುತ್ತದೆಯೇ? (ಸದ್ಯ ಮಗನ ಮನೆಗೆ ಬಂದಿರುವ ಮೈಸೂರಿನ ಓದುಗರು)

ಉತ್ತರ: 25 ಅಡಿ ಸಾಕು. ನ್ಯೂ ಮೆಕ್ಸಿಕೊದಲ್ಲಿ ಉದ್ದ ನೇರವಾಗಿ ಅಡ್ಡ ಬರುತ್ತದೆ. ಎಲ್ ಮೊರೊ ಸ್ಮಾರಕದ ಪುಟ್ಟ ಕ್ಯಾಂಪ್‌ಗ್ರೌಂಡ್ 27 ಅಡಿಗಿಂತ ಉದ್ದದ ಗಾಡಿಗೆ ಜಾಗ ಕೊಡುವುದಿಲ್ಲ. 1605ರಲ್ಲಿ ಒನ್ಯಾಟೆ ಬಂಡೆಯ ಮೇಲೆ ತನ್ನ ಹೆಸರು ಕೆತ್ತಿಸಿಹೋದ ತಾಣ ಅದು. ಚಾಕೊದಲ್ಲಿ ಮಿತಿ 35 ಅಡಿ. ಹಳೇ ಪೇಟೆಗಳಲ್ಲಂತೂ ಪ್ರತಿ ಅಡಿಯೂ ಲೆಕ್ಕಕ್ಕೆ ಬರುತ್ತದೆ.

ಓಡಿಸುವಾಗ ಹೊಸಬರು ತಪ್ಪುವುದು ಹಿಂಭಾಗದ ವಿಷಯದಲ್ಲಿ. ಹಿಂದಿನ ಚಕ್ರದ ಆಚೆಗೆ ಗಾಡಿಯ ದೇಹ ಏಳೆಂಟು ಅಡಿ ಚಾಚಿರುತ್ತದೆ. ನೀವು ಬಲಕ್ಕೆ ತಿರುಗಿಸಿದಾಗ ಆ ಬಾಲ ಎಡಕ್ಕೆ ಬೀಸುತ್ತದೆ. ಪೆಟ್ರೋಲ್ ಬಂಕಿನ ಕಂಬಕ್ಕೆ ಗಾಡಿ ಉಜ್ಜುವುದು ಹೆಚ್ಚಾಗಿ ಹೀಗೆಯೇ. ಪಂಪಿನಿಂದ ಹೊರಡುವಾಗ ಗಾಡಿಯ ಅರ್ಧ ಉದ್ದ ನೇರ ಹೋಗಿ ಆಮೇಲೆ ತಿರುಗಿಸಿ. ಎತ್ತರ 11ರಿಂದ 12 ಅಡಿ. ಸರಿಯಾದ ಅಂಕಿಯನ್ನು ಚೀಟಿಯಲ್ಲಿ ಬರೆದು ಸ್ಟೀರಿಂಗ್ ಬಳಿ ಅಂಟಿಸಿ. ಹಲವು ಬಾಡಿಗೆ ಕರಾರುಗಳಲ್ಲಿ ಛಾವಣಿಗೆ ಆದ ಪೆಟ್ಟು ವಿಮೆಯ ಹೊರಗಿರುತ್ತದೆ.

ಪೆಟ್ರೋಲ್ ಹಾಕಿಸುವಾಗ ಇನ್ನೊಂದು ಗಮನಿಸಿ. ಈ ಎತ್ತರದ ರಾಜ್ಯಗಳಲ್ಲಿ ಅಗ್ಗದ ಪೆಟ್ರೋಲ್ 85 ಅಥವಾ 86 ಆಕ್ಟೇನ್‌ನದು. ಗಾಡಿಯ ಕೈಪಿಡಿ 87 ಕೇಳಿದ್ದರೆ ಅದರ ಮುಂದಿನ ದರ್ಜೆಯನ್ನೇ ಹಾಕಿಸಿ.

ಲೈಸೆನ್ಸ್: ಮೂಲ ಲೈಸೆನ್ಸ್ ಜೊತೆಗೆ ಊರಿನ ಆರ್‌ಟಿಓ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ತಂದಿರಬೇಕು. ಬರೀ ಪರವಾನಗಿ ಇದ್ದು ಮೂಲ ಲೈಸೆನ್ಸ್ ಇಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ. ಈ ಗಾತ್ರದ ಗಾಡಿಗೆ ಲಾರಿ ಲೈಸೆನ್ಸ್ ಬೇಕಿಲ್ಲ. ಆದರೂ ಬಲಗಡೆ ಸಂಚಾರದ ಅಭ್ಯಾಸವಿಲ್ಲದವರು ಮೊದಲ ಬಾರಿಗೆ ಆರ್‌ವಿಯಲ್ಲೇ ಅದನ್ನು ಕಲಿಯುವುದು ಬೇಡ, ಮಗ ಓಡಿಸಲಿ.

ಪ್ರಶ್ನೆ: ಸಾಂಟಾ ಫೆಯ ಪೇಟೆಯಲ್ಲಿ ಆರ್‌ವಿ ಎಲ್ಲಿ ನಿಲ್ಲಿಸುವುದು? ಒಂದೇ ದಿನವಿದ್ದರೆ ಯಾವ ಮ್ಯೂಸಿಯಂ?

ಉತ್ತರ: ಪೇಟೆಗೆ ಆರ್‌ವಿ ತರಬೇಡಿ. ನಡುವಿನ ಚೌಕದ ಸುತ್ತ ಇರುವುದು ಕುದುರೆಗಾಡಿಯ ಕಾಲದ ಬೀದಿಗಳು, ಪಾರ್ಕಿಂಗ್ ಕಟ್ಟಡಗಳೊಳಗೆ ನಿಮ್ಮ ಎತ್ತರ ಹಿಡಿಸುವುದಿಲ್ಲ. ಕ್ಯಾಂಪ್‌ಗ್ರೌಂಡ್‌ನಲ್ಲಿ ಬಿಟ್ಟು ಬಸ್ಸಿನಲ್ಲೋ ಟ್ಯಾಕ್ಸಿಯಲ್ಲೋ ಬನ್ನಿ. ಬರ್ನಲಿಯೊದಲ್ಲೇ ತಂಗುವವರಿಗೆ ಇನ್ನೂ ಒಳ್ಳೆಯ ದಾರಿಯಿದೆ: ರೈಲ್ ರನ್ನರ್ ಎಂಬ ರೈಲು. ಬರ್ನಲಿಯೊದ ಯುಎಸ್ 550 ನಿಲ್ದಾಣದಲ್ಲಿ ಹತ್ತಿದರೆ ಸಾಂಟಾ ಫೆ ಡಿಪೊದಲ್ಲಿ ಇಳಿಯಬಹುದು. ಅಲ್ಲಿಂದ ಚೌಕಕ್ಕೆ ಹದಿನೈದು ನಿಮಿಷದ ನಡಿಗೆ. ಶನಿವಾರ, ಭಾನುವಾರ ರೈಲುಗಳು ಕಡಿಮೆ. ವಾಪಸ್ ರೈಲಿನ ಹೊತ್ತನ್ನು ಮೊದಲೇ ನೋಡಿಟ್ಟುಕೊಳ್ಳಿ.

ಮ್ಯೂಸಿಯಂ ಒಂದೇ ಎಂದರೆ ಪ್ಯಾಲೆಸ್ ಆಫ್ ದಿ ಗವರ್ನರ್ಸ್, ಅದರ ಹಿಂದೆಯೇ 2009ರಲ್ಲಿ ತೆರೆದ ನ್ಯೂ ಮೆಕ್ಸಿಕೊ ಹಿಸ್ಟರಿ ಮ್ಯೂಸಿಯಂ. ಅರಮನೆ ಎಂಬ ಹೆಸರಿದ್ದರೂ ಇದು ಮಣ್ಣಿನ ಇಟ್ಟಿಗೆಯ ಉದ್ದನೆಯ ತಗ್ಗು ಕಟ್ಟಡ. 1610ರಿಂದ ಸ್ಪೇನ್, ಮೆಕ್ಸಿಕೊ, ಅಮೆರಿಕ ಮೂವರೂ ಇಲ್ಲಿ ಕೂತು ಆಳಿದ್ದಾರೆ. ಆದರೆ ನಡುವೆ ಹನ್ನೆರಡು ವರ್ಷ ಇದು ಆಳುವವರ ಕೈಯಲ್ಲಿ ಇರಲಿಲ್ಲ ಎಂಬುದನ್ನು ತಿಳಿದುಕೊಂಡು ಒಳಗೆ ಹೋಗಿ. 1680ರ ಆಗಸ್ಟ್‌ನಲ್ಲಿ ಪೊಪೇ ಎಂಬ ಮುಖಂಡ, ನೂರಾರು ಮೈಲಿ ದೂರದೂರ ಇದ್ದ, ಬೇರೆ ಬೇರೆ ಭಾಷೆಯಾಡುವ ಪ್ವೆಬ್ಲೊಗಳನ್ನು ಒಂದೇ ದಿನ ಏಳಿಸಿದ. ಓಟಗಾರರು ಗಂಟು ಹಾಕಿದ ಹಗ್ಗಗಳನ್ನು ಊರೂರಿಗೆ ಒಯ್ದರು. ದಿನಕ್ಕೊಂದು ಗಂಟು ಬಿಚ್ಚುವುದು, ಗಂಟು ಮುಗಿದ ದಿನ ಬಂಡಾಯ. ಸುದ್ದಿ ಸೋರಿದ್ದರಿಂದ ಗೊತ್ತುಮಾಡಿದ ದಿನಕ್ಕೂ ಮೊದಲೇ ಅದು ಸ್ಫೋಟಿಸಿತು, ಆದರೂ ಗೆದ್ದಿತು. ಸ್ಪೇನಿನವರು ದಕ್ಷಿಣಕ್ಕೆ ಓಡಿದರು, 1692ರವರೆಗೆ ಮರಳಲಿಲ್ಲ. ಆ ಅವಧಿಯಲ್ಲಿ ಪ್ವೆಬ್ಲೊ ಜನ ಈ ಕಟ್ಟಡವನ್ನೇ ತಮ್ಮ ರೀತಿಯ ವಸತಿಯಾಗಿ ಮಾರ್ಪಡಿಸಿಕೊಂಡಿದ್ದರು.

ಒಳಗೆ ಹುಡುಕಿ ನೋಡಬೇಕಾದದ್ದು ಸೆಗೆಸ್ಸರ್ ಚರ್ಮಚಿತ್ರಗಳು. ಪ್ರಾಣಿಗಳ ಚರ್ಮ ಹೊಲಿದು ಅದರ ಮೇಲೆ ಬರೆದ ದೊಡ್ಡ ಚಿತ್ರಗಳಿವು. ಒಂದರಲ್ಲಿರುವುದು 1720ರಲ್ಲಿ ಸಾಂಟಾ ಫೆಯಿಂದ ಹೊರಟು ಈಗಿನ ನೆಬ್ರಾಸ್ಕಾದಲ್ಲಿ ನಾಶವಾದ ವಿಯಾಸುರ್ ದಂಡಿನ ಕೊನೆಯ ಕಾಳಗ. ಸ್ಪೇನಿನ ಸೈನಿಕರ ಜೊತೆ ಪ್ವೆಬ್ಲೊ ಯೋಧರೂ ಇರುವುದನ್ನು ಗಮನಿಸಿ. ಬಂಡಾಯವೆದ್ದವರ ಮಕ್ಕಳು, ಮೊಮ್ಮಕ್ಕಳು ನಲವತ್ತು ವರ್ಷದಲ್ಲಿ ಅದೇ ಸ್ಪೇನಿನ ಪರವಾಗಿ ಹೋರಾಡಿದ್ದು ಏಕೆ ಎಂಬುದು ಮ್ಯೂಸಿಯಂ ತಿರುಗುವಾಗ ಮನಸ್ಸಿನಲ್ಲಿಟ್ಟುಕೊಳ್ಳಲು ಒಳ್ಳೆಯ ಪ್ರಶ್ನೆ.

ಹೊರಗಿನ ಮೊಗಸಾಲೆಯಲ್ಲಿ ಕೂತು ಬೆಳ್ಳಿ ಮತ್ತು ಟರ್ಕ್ವಾಯ್ಸ್ ಎಂಬ ನೀಲಿ-ಹಸಿರು ಕಲ್ಲಿನ ಒಡವೆ ಮಾರುವವರು ರಾಜ್ಯದ ಮೂಲನಿವಾಸಿ ಕುಶಲಕರ್ಮಿಗಳು. ಕೈಯಿಂದ ಮಾಡಿದ್ದನ್ನೇ ಮಾರಬೇಕೆಂಬ ನಿಯಮ ಅಲ್ಲಿದೆ. ಮಾಡಿದವರ ಗುರುತು ವಸ್ತುವಿನ ಮೇಲೆ ಇರುತ್ತದೆ, ಕೇಳಿದರೆ ತೋರಿಸುತ್ತಾರೆ. ರಾಜ್ಯ ಸರ್ಕಾರದ ಮ್ಯೂಸಿಯಂ, ತಾಣಗಳಲ್ಲಿ ಮೂರು ನಾಲ್ಕನ್ನು ನೋಡುವವರು ಕಲ್ಚರ್‌ಪಾಸ್ ಕೊಳ್ಳಬಹುದು. ಪ್ರತಿಯೊಂದಕ್ಕೂ ವರ್ಷದಲ್ಲಿ ಒಮ್ಮೆ ಪ್ರವೇಶ ಸಿಗುತ್ತದೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಹಿಸ್ಟರಿ ಮ್ಯೂಸಿಯಂಗೆ ಸೋಮವಾರ ರಜೆ.

ಪ್ರಶ್ನೆ: ಏನೇ ಆಗಲಿ ಚಾಕೊ ನೋಡಲೇಬೇಕು ಅಂತಿದೆ. ಬಾಡಿಗೆ ಆರ್‌ವಿಯಲ್ಲಿ ಹೋಗಬಹುದೇ?

ಉತ್ತರ: ಆಸೆ ಸರಿಯಾದದ್ದೇ. 850ರಿಂದ 1250ರವರೆಗೆ ಪ್ವೆಬ್ಲೊ ಜನರ ಪೂರ್ವಜರಿಗೆ ಇಡೀ ಪ್ರದೇಶದ ಕೇಂದ್ರವಾಗಿದ್ದ ಜಾಗ, 1987ರಿಂದ ವಿಶ್ವ ಪರಂಪರೆಯ ತಾಣ. ಪ್ವೆಬ್ಲೊ ಬೊನಿಟೊದಂಥ ಕಲ್ಲಿನ ಕಟ್ಟಡ ಆ ಕಾಲದ ಉತ್ತರ ಅಮೆರಿಕದಲ್ಲಿ ಅಪರೂಪ. ಆದರೆ ಬಾಡಿಗೆ ಗಾಡಿಯಲ್ಲಿ ಬೇಡ ಎನ್ನುತ್ತೇವೆ.

ಯುಎಸ್ 550 ಹೆದ್ದಾರಿಯಿಂದ ಒಳಕ್ಕೆ 21 ಮೈಲಿ. ಅದರಲ್ಲಿ 8 ಡಾಂಬರು, 13 ಮಣ್ಣಿನ ರಸ್ತೆ. ಮಣ್ಣಿನ ಭಾಗ ಇಸ್ತ್ರಿ ಹಾಕದ ಬಟ್ಟೆಯ ಹಾಗೆ ಅಡ್ಡಡ್ಡ ಸುಕ್ಕುಗಟ್ಟಿರುತ್ತದೆ. ಆರ್‌ವಿಯಲ್ಲಿ ಆ ಕಂಪನಕ್ಕೆ ಕಪಾಟಿನ ತಿರುಪುಗಳು ಸಡಿಲವಾಗುತ್ತವೆ, ನೀರಿನ ಪೈಪಿನ ಜೋಡಣೆ ಸೋರಲು ಶುರುವಾಗುತ್ತದೆ. ಮಳೆ ಬಿದ್ದರೆ ಜೇಡಿಮಣ್ಣು ಚಕ್ರಕ್ಕೆ ಮೆತ್ತಿ ಗಾಡಿ ಮುಂದೆ ಹೋಗುವುದಿಲ್ಲ. ಇವೆಲ್ಲಕ್ಕಿಂತ ಮೊದಲಿನ ಮಾತು: ಬಾಡಿಗೆ ಕರಾರುಗಳು ಸಾಮಾನ್ಯವಾಗಿ ಡಾಂಬರಿಲ್ಲದ ರಸ್ತೆಯನ್ನು ನಿಷೇಧಿಸುತ್ತವೆ. ಅಲ್ಲಿ ಕೆಟ್ಟು ನಿಂತರೆ ವಿಮೆಯೂ ಇಲ್ಲ, ಎಳೆದು ತರುವ ಖರ್ಚೂ ನಿಮ್ಮದೇ.

ಆರ್‌ವಿಯನ್ನು ಹೆದ್ದಾರಿ ಬದಿಯ ಊರಿನಲ್ಲಿ ನಿಲ್ಲಿಸಿ ಕಾರು ಬಾಡಿಗೆಗೆ ಹಿಡಿದು ಹೋಗಿ. ಆ ಕಾರಿನ ಕರಾರನ್ನೂ ಓದಿಕೊಳ್ಳಿ. ಗೂಗಲ್ ತೋರಿಸುವ ಅಡ್ಡದಾರಿ ಬಿಟ್ಟು ಉದ್ಯಾನವೇ ಸೂಚಿಸುವ ಉತ್ತರದ ದಾರಿ ಹಿಡಿಯಿರಿ. ಒಳಗೆ ಪೆಟ್ರೋಲೂ ಇಲ್ಲ, ಊಟವೂ ಇಲ್ಲ. ಕುಡಿಯುವ ನೀರು ವಿಸಿಟರ್ ಸೆಂಟರ್‌ನಲ್ಲಿ ಮಾತ್ರ.

ಪ್ರಶ್ನೆ: ಸಾಂಟಾ ಫೆ ಹತ್ತಿರ ಕ್ಯಾಂಪ್ ಮಾಡಿದಾಗ ವಿದ್ಯುತ್ ಪದೇಪದೇ ಟ್ರಿಪ್ ಆಗುತ್ತಿತ್ತು. ಇನ್ನೊಂದು ರಾತ್ರಿ ಹುಕಪ್ (ನೀರು, ವಿದ್ಯುತ್, ಕೊಳೆನೀರಿನ ಸಂಪರ್ಕ) ಇಲ್ಲದ ಜಾಗದಲ್ಲಿ ಜನರೇಟರ್ ಹತ್ತಲೇ ಇಲ್ಲ. ಅನ್ನವೂ ಬೇಯಲಿಲ್ಲ. ಗಾಡಿಯಲ್ಲೇ ದೋಷವೇ? (ಫೀನಿಕ್ಸ್‌ನ ಓದುಗರು)

ಉತ್ತರ: ಇವು ಮೂರು ಬೇರೆ ಬೇರೆ ವಿಷಯಗಳು, ಗಾಡಿಯ ದೋಷ ಅಲ್ಲದಿರುವ ಸಾಧ್ಯತೆಯೇ ಹೆಚ್ಚು.

ಟ್ರಿಪ್ ಆಗುವುದು ಲೆಕ್ಕ ಮೀರಿದಾಗ. 30 ಆಂಪಿಯರ್ ಸಂಪರ್ಕ ಎಂದರೆ 120 ವೋಲ್ಟ್‌ನಲ್ಲಿ 3,600 ವಾಟ್. ಛಾವಣಿಯ ಎಸಿ ಓಡುವಾಗ 1,500 ವಾಟ್‌ನ ಸುಮಾರು, ಮೈಕ್ರೋವೇವ್ ಎಳೆಯುವುದು ಹೆಚ್ಚುಕಡಿಮೆ ಅಷ್ಟೇ, ನೀರು ಕಾಯಿಸುವ ವಿದ್ಯುತ್ ಕಾಯಿಲ್ 1,400 ವಾಟ್. ಮೂರನ್ನೂ ಒಟ್ಟಿಗೆ ಹಾಕಿದರೆ ಬಿತ್ತು. ನೀರು ಕಾಯಿಸುವುದನ್ನು ಪ್ರೊಪೇನ್ ಅನಿಲಕ್ಕೆ ಬದಲಿಸಿ, ಇಂಡಕ್ಷನ್ ಒಲೆ ಹಚ್ಚುವಾಗ ಎಸಿ ನಿಲ್ಲಿಸಿ. ಮೊದಲು ಹೊರಗಿನ ಕಂಬದ ಬ್ರೇಕರ್, ಆಮೇಲೆ ಒಳಗಿನ ಬ್ರೇಕರ್ ನೋಡಿ. ಕೇಬಲ್ ಜೋಡಿಸುವಾಗಲೂ ಬಿಚ್ಚುವಾಗಲೂ ಕಂಬದ ಬ್ರೇಕರ್ ಆಫ್ ಆಗಿರಲಿ. ಇಲ್ಲದಿದ್ದರೆ ಪ್ಲಗ್‌ನ ಕಾಲುಗಳಲ್ಲಿ ಕಿಡಿ ಹಾರಿ ಸುಟ್ಟು, ಮುಂದೆ ಬಿಸಿಯಾಗತೊಡಗುತ್ತದೆ.

ಜನರೇಟರ್ ಹತ್ತದಿದ್ದರೆ ಮೊದಲು ಪೆಟ್ರೋಲ್ ಮುಳ್ಳು ನೋಡಿ. ಜನರೇಟರ್‌ನ ಇಂಧನ ಕೊಳವೆ ಟ್ಯಾಂಕಿನ ಕಾಲು ಭಾಗದ ಮಟ್ಟದಲ್ಲೇ ನಿಲ್ಲುತ್ತದೆ. ನೀವು ಕಾಡಿನಲ್ಲಿ ಸಿಕ್ಕಿಬೀಳದಿರಲಿ ಎಂದು ಬೇಕೆಂದೇ ಹಾಗೆ ಮಾಡಿರುತ್ತಾರೆ. ಟ್ಯಾಂಕ್ ಅರ್ಧಕ್ಕಿಂತ ಮೇಲಿದ್ದರೆ ಎತ್ತರದ ಸಮಸ್ಯೆ. ಸಾಂಟಾ ಫೆ ಸಮುದ್ರಮಟ್ಟದಿಂದ ಸುಮಾರು 7,000 ಅಡಿ. ಗಾಳಿ ತೆಳುವಾದ್ದರಿಂದ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗಿ ಎಂಜಿನ್ ಕಪ್ಪು ಹೊಗೆ ಉಗುಳಿ ನಿಲ್ಲುತ್ತದೆ. ಕಾರ್ಬುರೇಟರ್ ಇರುವ ಹಲವು ಜನರೇಟರ್‌ಗಳಲ್ಲಿ ಎತ್ತರಕ್ಕೆ ಹೊಂದಿಸುವ ತಿರುಗಣೆ ಇದೆ, ಬಾಡಿಗೆಯವರನ್ನು ಕೇಳಿ ಮೊದಲೇ ತಿಳಿದುಕೊಳ್ಳಿ. ಹತ್ತಿದರೂ ಸಾವಿರ ಅಡಿಗೆ ಸುಮಾರು ಮೂರೂವರೆ ಪ್ರತಿಶತ ಶಕ್ತಿ ಕುಗ್ಗುತ್ತದೆ. 4,000 ವಾಟ್‌ನ ಯಂತ್ರ ಅಲ್ಲಿ 3,000 ಕೊಟ್ಟರೆ ಅದೇ ಸರಿ.

ಅನ್ನದ ಕಾರಣವೂ ಅದೇ ತೆಳುಗಾಳಿ. 7,000 ಅಡಿಯಲ್ಲಿ ನೀರು ಸುಮಾರು 93 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ, ಒಲೆ ಎಷ್ಟು ಉರಿಸಿದರೂ ತೆರೆದ ಪಾತ್ರೆಯಲ್ಲಿ ಅದಕ್ಕಿಂತ ಮೇಲೆ ಹೋಗುವುದಿಲ್ಲ. ಬೇಳೆಗಂತೂ ಕುಕ್ಕರ್ ಬೇಕೇ ಬೇಕು. ಕುಕ್ಕರ್‌ನಲ್ಲೂ 2,000 ಅಡಿಯ ಮೇಲಿನ ಪ್ರತಿ ಸಾವಿರ ಅಡಿಗೆ ಹೊತ್ತನ್ನು ಐದು ಪ್ರತಿಶತ ಹೆಚ್ಚಿಸಿ. ಮನೆಯಲ್ಲಿ 12 ನಿಮಿಷ ಬೇಯಿಸುವುದನ್ನು ಅಲ್ಲಿ 15 ನಿಮಿಷ.

ವಯಸ್ಸಾದವರ ಬಗ್ಗೆಯೂ ಇಲ್ಲೇ ಹೇಳಬೇಕು. ಮೊದಲ ಎರಡು ರಾತ್ರಿ ಆಲ್ಬುಕರ್ಕಿ ಕಡೆ, ಅಂದರೆ 5,000 ಅಡಿಯ ಸುಮಾರಿನಲ್ಲಿ ಕಳೆದು ಮೇಲೆ ಹೋದರೆ ತಲೆನೋವು, ನಿದ್ದೆಗೇಡು ಕಡಿಮೆ. ಹೃದಯ, ಶ್ವಾಸಕೋಶದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಹೊರಡಲಿ.

ಪ್ರಶ್ನೆ: ಎರಡನೇ ದಿನದಿಂದಲೇ ಒಳಗೆಲ್ಲ ಶೌಚದ ವಾಸನೆ. ಹುಕಪ್ ಇತ್ತು, ಶೌಚದ ಟ್ಯಾಂಕಿನ ಕವಾಟವನ್ನು (ವಾಲ್ವ್) ಯಾವಾಗಲೂ ತೆರೆದೇ ಇಟ್ಟಿದ್ದೆವು.

ಉತ್ತರ: ತೆರೆದಿಟ್ಟಿದ್ದೇ ಕಾರಣ. ನೀರೆಲ್ಲ ಹರಿದುಹೋಗಿ ಗಟ್ಟಿ ಭಾಗ ಟ್ಯಾಂಕಿನೊಳಗೆ ಗುಡ್ಡೆಯಾಗಿ ಒಣಗುತ್ತದೆ. ಇಲ್ಲಿನ ಒಣ ಹವೆಯಲ್ಲಿ ಅದು ಇನ್ನೂ ಬೇಗ. ಶೌಚದ ಟ್ಯಾಂಕಿನ ಕವಾಟ ಮುಚ್ಚಿರಲಿ, ಟ್ಯಾಂಕ್ ಮೂರನೇ ಎರಡು ಭಾಗ ತುಂಬಿದ ಮೇಲೆ ಒಮ್ಮೆಲೇ ಬಿಡಿ. ಮೊದಲು ಶೌಚದ ಟ್ಯಾಂಕ್, ಆಮೇಲೆ ಸಿಂಕು-ಸ್ನಾನದ ಟ್ಯಾಂಕ್. ಎರಡನೆಯದರ ಸಾಬೂನು ನೀರು ಹೋಸನ್ನು ತೊಳೆಯುತ್ತದೆ. ಖಾಲಿ ಮಾಡಿದ ಮೇಲೆ ಎರಡು ಮೂರು ಗ್ಯಾಲನ್ ನೀರು, ಟ್ಯಾಂಕಿಗೆಂದೇ ಮಾಡಿದ ಔಷಧ ಹಾಕಿ. ಶೌಚದ ಬಟ್ಟಲಿನ ತಳದಲ್ಲಿ ಸದಾ ನೀರು ನಿಂತಿರಬೇಕು, ವಾಸನೆ ತಡೆಯುವುದು ಅದೇ. ಚಲಿಸುವಾಗ ಛಾವಣಿಯ ಫ್ಯಾನ್ ಹಾಕಿ ಕಿಟಕಿ ಮುಚ್ಚಿದರೆ ಅದು ಟ್ಯಾಂಕಿನಿಂದಲೇ ಗಾಳಿಯನ್ನು ಮೇಲೆ ಎಳೆದುಕೊಳ್ಳುತ್ತದೆ ಎಂಬುದನ್ನೂ ನೆನಪಿಡಿ. ಕೈಗವಸು ಬೇಕು. ಕುಡಿಯುವ ನೀರಿನ ಬಿಳಿ ಪೈಪನ್ನು ಈ ಕೆಲಸದ ಹತ್ತಿರಕ್ಕೂ ತರಬೇಡಿ.

ಪ್ರಶ್ನೆ: ಟಾವೋಸ್ ಪ್ವೆಬ್ಲೊ, ಆಕೋಮಾದಲ್ಲಿ ಫೋಟೊ ತೆಗೆಯಬಹುದೇ? ಅಲ್ಲೇ ಎಲ್ಲಾದರೂ ಗಾಡಿ ನಿಲ್ಲಿಸಿ ಮಲಗಬಹುದೇ?

ಉತ್ತರ: ಎರಡನೆಯದಕ್ಕೆ ಮೊದಲು: ಇಲ್ಲ. ಪ್ವೆಬ್ಲೊಗಳು ತಮ್ಮದೇ ಸರ್ಕಾರವಿರುವ ಸಮುದಾಯಗಳು, ರಸ್ತೆಬದಿಯೂ ಅವರ ನೆಲ. ಅವರೇ ನಡೆಸುವ ಆರ್‌ವಿ ಜಾಗ ಇದ್ದರೆ ಅಲ್ಲಿ ಮಾತ್ರ.

ಎರಡೂ ಕಡೆ ಈಗಲೂ ಜನ ಬದುಕುತ್ತಿದ್ದಾರೆ. ಟಾವೋಸ್‌ನ ಮಣ್ಣಿನ ಬಹುಮಹಡಿ ಮನೆಗಳು 1992ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಒಳಗೆ ನಿಂತಿರುವ ವ್ಯಕ್ತಿಯ ಚಿತ್ರ ತೆಗೆಯಲು ಅವರನ್ನೇ ಕೇಳಬೇಕು. ಹಬ್ಬದ ದಿನ ಕ್ಯಾಮೆರಾ ಹೊರಗೆ ತೆಗೆಯುವಂತಿಲ್ಲ, ಫೋನೂ ಸೇರಿ. ಕಿವಾ, ಸ್ಮಶಾನಗಳಿಗೆ ಪ್ರವೇಶವಿಲ್ಲ, ಡ್ರೋನ್ ಎಲ್ಲೂ ಬೇಡ. ಚಳಿಗಾಲದ ಕೊನೆಗೆ ಸುಮಾರು ಹತ್ತು ವಾರ ಟಾವೋಸ್ ಪ್ವೆಬ್ಲೊ ಹೊರಗಿನವರಿಗೆ ಮುಚ್ಚಿರುತ್ತದೆ. ನಡುವೆ ಬೇರೆ ದಿನಗಳಲ್ಲೂ ಮುಚ್ಚಬಹುದು, ಹೊರಡುವ ದಿನ ಫೋನ್ ಮಾಡಿ.

ಆಕೋಮಾ ಇರುವುದು ಸುಮಾರು 365 ಅಡಿ ಎತ್ತರದ ಬಂಡೆಯ ನೆತ್ತಿಯಲ್ಲಿ. ಗಾಡಿ ಕೆಳಗೆ ಬಿಟ್ಟು, ಅವರ ಬಸ್ಸಿನಲ್ಲಿ, ಅವರ ಮಾರ್ಗದರ್ಶಿಯ ಜೊತೆಗೇ ಹೋಗಬೇಕು. ಮಾರ್ಗದರ್ಶಿ ಹೇಳುವುದನ್ನು ನಿಂತು ಕೇಳಿ. 1599ರ ಜನವರಿಯಲ್ಲಿ ಒನ್ಯಾಟೆಯ ಸೈನಿಕರು ಈ ಊರನ್ನು ಸುಟ್ಟು ನೂರಾರು ಜನರನ್ನು ಕೊಂದರು. ಉಳಿದವರಲ್ಲಿ 25 ವರ್ಷ ದಾಟಿದ ಗಂಡಸರಿಗೆ ಒಂದು ಪಾದ ಕತ್ತರಿಸುವ ಶಿಕ್ಷೆ ವಿಧಿಸಿದರು. ಸುಮಾರು ನಾನೂರು ವರ್ಷದ ಬಳಿಕ ಎಸ್ಪನ್ಯೋಲಾ ಪಟ್ಟಣದ ಉತ್ತರಕ್ಕಿದ್ದ ಒನ್ಯಾಟೆಯ ಕಂಚಿನ ಪ್ರತಿಮೆಯ ಬಲಪಾದವನ್ನು ಯಾರೋ ರಾತ್ರೋರಾತ್ರಿ ಕೊಯ್ದೊಯ್ದರು. ಅಲ್ಲಿನವರಿಗೆ ಈ ಚರಿತ್ರೆ ಇನ್ನೂ ಮುಗಿದದ್ದಲ್ಲ.

ಪ್ರಶ್ನೆ: ಲಾಸ್ ಅಲಮೋಸ್‌ನಲ್ಲಿ ನಿಜಕ್ಕೂ ನೋಡಲು ಏನಿದೆ? ಟ್ರಿನಿಟಿ ಸ್ಫೋಟದ ಜಾಗವೂ ಅಲ್ಲೇ ಇದೆಯೇ?

ಉತ್ತರ: ಟ್ರಿನಿಟಿ ಅಲ್ಲಿಲ್ಲ. 1945ರ ಜುಲೈ 16ರ ಮುಂಜಾನೆ ಜಗತ್ತಿನ ಮೊದಲ ಅಣುಬಾಂಬನ್ನು ಸಿಡಿಸಿ ಪರೀಕ್ಷಿಸಿದ್ದು ಸುಮಾರು 200 ಮೈಲಿ ದಕ್ಷಿಣದಲ್ಲಿ, ಕ್ಷಿಪಣಿ ಪರೀಕ್ಷಾ ವಲಯದೊಳಗೆ. ವರ್ಷದಲ್ಲಿ ಒಂದೋ ಎರಡೋ ದಿನ ಮಾತ್ರ ಸಾರ್ವಜನಿಕರಿಗೆ ತೆರೆಯುತ್ತಾರೆ.

ಲಾಸ್ ಅಲಮೋಸ್‌ನಲ್ಲಿ ಅರ್ಧ ದಿನಕ್ಕೆ ಸಾಕಷ್ಟಿದೆ. ಬ್ರಾಡ್‌ಬರಿ ಸೈನ್ಸ್ ಮ್ಯೂಸಿಯಂಗೆ ಪ್ರವೇಶ ಉಚಿತ. ಹಿರೋಶಿಮಾ, ನಾಗಸಾಕಿಯ ಮೇಲೆ ಬಿದ್ದ ಎರಡು ಬಾಂಬುಗಳ ಪೂರ್ಣಗಾತ್ರದ ಮಾದರಿಗಳಿವೆ. ಒಂದು ಸಪೂರ, ಇನ್ನೊಂದು ದಪ್ಪ. ಯುರೇನಿಯಂನ ಒಂದು ತುಂಡನ್ನು ಇನ್ನೊಂದಕ್ಕೆ ಗುಂಡಿನಂತೆ ಹಾರಿಸಲು ಉದ್ದನೆಯ ಕೊಳವೆ ಬೇಕಿತ್ತು. ಪ್ಲುಟೋನಿಯಂ ಗೋಳವನ್ನು ಸುತ್ತಲೂ ಸ್ಫೋಟಕವಿಟ್ಟು ಒಳಕ್ಕೆ ಅದುಮಬೇಕಿತ್ತು. ಇಷ್ಟನ್ನು ಹೇಳಿಕೊಟ್ಟರೆ ಮಕ್ಕಳು ಆಕಾರ ನೋಡಿಯೇ ಕೆಲಸ ಊಹಿಸುತ್ತಾರೆ. ಟ್ರಿನಿಟಿಯಲ್ಲಿ ಪರೀಕ್ಷಿಸಿದ್ದು ಎರಡನೆಯ ಬಗೆಯದು, ಏಕೆಂದರೆ ಅನುಮಾನ ಇದ್ದದ್ದು ಅದರ ಮೇಲೆ.

ಆಮೇಲೆ ಆಶ್ಲಿ ಕೊಳದ ಬಳಿ ನಡೆಯಿರಿ. 1928ರ ಫುಲ್ಲರ್ ಲಾಡ್ಜ್ ಮೊದಲು ಹುಡುಗರ ವಸತಿಶಾಲೆಯದು, ಸೇನೆ ಶಾಲೆಯನ್ನು ತೆರವು ಮಾಡಿಸಿತು. ಪಕ್ಕದ ಲಾಸ್ ಅಲಮೋಸ್ ಹಿಸ್ಟರಿ ಮ್ಯೂಸಿಯಂ ಬಿಡಬೇಡಿ. ಶಾಲೆಯ ಜೊತೆಗೇ ನೆಲ ಕಳೆದುಕೊಂಡ ರೈತರ ಕಥೆ ಅಲ್ಲಿ ಸಿಗುತ್ತದೆ. ಟ್ರಿನಿಟಿಯ ವಿಕಿರಣದ ಹಾದಿಯಲ್ಲಿದ್ದ ನ್ಯೂ ಮೆಕ್ಸಿಕೊದ ಜನ ಫೆಡರಲ್ ಪರಿಹಾರ ಕಾಯ್ದೆಯೊಳಗೆ ಬಂದದ್ದು 2025ರಲ್ಲಿ, ಸ್ಫೋಟವಾಗಿ ಎಂಬತ್ತು ವರ್ಷಕ್ಕೆ. ಮರುದಿನ ಸಾಂಟಾ ಫೆಯಲ್ಲಿ 109 ಈಸ್ಟ್ ಪ್ಯಾಲೆಸ್ ಎಂಬ ವಿಳಾಸ ಹುಡುಕಿ. ವಿಜ್ಞಾನಿಗಳು ರೈಲಿಳಿದು ಮೊದಲು ವರದಿ ಮಾಡಿಕೊಳ್ಳುತ್ತಿದ್ದುದು ಅಲ್ಲಿ.

ಪ್ರಯೋಗಾಲಯದ ನೆಲದ ಮೇಲೆ ಹಾದುಹೋಗುವ ರಸ್ತೆಗಳಲ್ಲಿ ಕಾವಲು ತಪಾಸಣೆ ಇರುತ್ತದೆ. ಲೈಸೆನ್ಸ್ ಕೈಯಲ್ಲಿರಲಿ, ಅಲ್ಲಿ ಫೋಟೊ ಬೇಡ.

ಪ್ರಶ್ನೆ: ಹಳೇ ಊರುಗಳ ಸುತ್ತ ಮಡಕೆ ಚೂರುಗಳು ಬಿದ್ದಿರುತ್ತವಂತೆ. ಮಗುವಿಗೆ ಒಂದು ತರಬಹುದೇ?

ಉತ್ತರ: ಬೇಡ. ಫೆಡರಲ್ ಮತ್ತು ಮೂಲನಿವಾಸಿಗಳ ನೆಲದಿಂದ ಅಂಥ ವಸ್ತು ಎತ್ತುವುದು 1979ರ ಪುರಾತತ್ವ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಚೂರು ಬಿದ್ದ ಜಾಗವೇ ಅದರ ಮಾಹಿತಿ, ಕದಲಿಸಿದರೆ ಅದು ಹೋಯಿತು. ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು ಚಿತ್ತಾರ ಬರೆಸಿಕೊಳ್ಳಿ. ರಾಷ್ಟ್ರೀಯ ಉದ್ಯಾನಗಳಲ್ಲಿ ಮಕ್ಕಳಿಗೆ ಜೂನಿಯರ್ ರೇಂಜರ್ ಪುಸ್ತಕ ಸಿಗುತ್ತದೆ, ತುಂಬಿಸಿ ಕೊಟ್ಟರೆ ಬ್ಯಾಡ್ಜ್ ಕೊಡುತ್ತಾರೆ.

ಪ್ರಶ್ನೆ: ಗಾಡಿ ವಾಪಸ್ ಕೊಡುವಾಗ ಹೆಚ್ಚಿನ ಶುಲ್ಕ ಹಾಕದಂತೆ ಏನು ಮಾಡಬೇಕು?

ಉತ್ತರ: ಹಿಂದಿನ ರಾತ್ರಿಯೇ ಕೊನೆಯ ಕ್ಯಾಂಪ್‌ಗ್ರೌಂಡ್‌ನಲ್ಲಿ ಎರಡೂ ಕೊಳೆ ಟ್ಯಾಂಕ್ ಖಾಲಿ ಮಾಡಿ, ಬೆಳಿಗ್ಗೆ ಡಂಪ್ ಸ್ಟೇಷನ್‌ನಲ್ಲಿ, ಅಂದರೆ ಕೊಳೆ ಖಾಲಿ ಮಾಡುವ ಜಾಗದಲ್ಲಿ ಸಾಲು ಇರುತ್ತದೆ. ಅಕ್ಟೋಬರ್ ನಡುವಿನ ನಂತರವಾದರೆ ರಾತ್ರಿ ನೀರಿನ ಪೈಪನ್ನೂ ಬಿಚ್ಚಿಡಿ, ಹೆಪ್ಪುಗಟ್ಟಿ ಒಡೆದರೆ ಅದರ ಬೆಲೆ ನಿಮ್ಮ ಲೆಕ್ಕಕ್ಕೆ. ಜನರೇಟರ್ ಗಂಟೆಯ ಮೀಟರ್, ಮೈಲಿ ಮೀಟರ್, ಪೆಟ್ರೋಲ್ ಮುಳ್ಳು, ನಾಲ್ಕೂ ಮೂಲೆಗಳ ಫೋಟೊ ತೆಗೆಯಿರಿ. ಗಾಡಿ ಪಡೆದ ದಿನವೂ ಇದನ್ನೇ ಮಾಡಿರಬೇಕು, ಛಾವಣಿಯೂ ಸೇರಿ. ಪ್ರೊಪೇನ್ ತುಂಬಿಸಿ ಕೊಡಬೇಕೆಂದು ಕರಾರಿನಲ್ಲಿದ್ದರೆ ಅದನ್ನು ತುಂಬುವವರು ಎಲ್ಲ ಬಂಕುಗಳಲ್ಲೂ ಇರುವುದಿಲ್ಲ, ಭಾನುವಾರ ಇನ್ನೂ ಕಷ್ಟ. ಎಲ್ಲಿ ತುಂಬಿಸುವುದೆಂದು ಗಾಡಿ ಪಡೆಯುವ ದಿನವೇ ಕೇಳಿ ಬರೆದುಕೊಳ್ಳಿ.